ಗುಡ್ಡದಿಂದ ಹೊತ್ತು ತಂದ ಬೂದಿ

ಮಾಳಿಗೆಯ ಮೇಲೆ ಕೂತು ಸಂಡಿಗೆ ತಿರುವಿ ಹಾಕುತ್ತಿದ್ದೆ. ಅವ್ವ ನಸುಕಿನಲ್ಲೇ ಎದ್ದು ಜೋಳದ ಹಿಟ್ಟು ಕುದಿಸಿ, ಅಪ್ಪನ ಹಳೆಯ ಧೋತರ ಹಾಸಿ, ಅದರ ಮೇಲೆ ಸಾಲಾಗಿ ಸಂಡಿಗೆ ಹಾಕಿ ಕೆಳಗಿಳಿದಿದ್ದಳು. ಮೇಲಿನ ಮಗ್ಗುಲು ಒಣಗಿದ ಮೇಲೆ ಧೋತರದ ಹಿಂದೆ ನೀರು ಚಿಮುಕಿಸಿ, ಮುರಿಯದ ಹಾಗೆ ಒಂದೊಂದನ್ನೇ ಬಿಡಿಸಿ ತಿರುವುವುದು ನನ್ನ ಪಾಲಿನ ಕೆಲಸ. ಕಾಗೆ ಓಡಿಸುವುದೂ ನನ್ನದೇ. ಮುರಿದದ್ದನ್ನು ಬಾಯಿಗೆ ಹಾಕಿಕೊಳ್ಳಬಹುದು ಎಂಬ ಒಪ್ಪಂದ ಅವ್ವನಿಗೂ ನನಗೂ ಇದ್ದುದರಿಂದ ಕೆಲವು ತಾವಾಗಿಯೇ ಮುರಿಯುತ್ತಿದ್ದವು. ಅಂಥದೊಂದನ್ನು ಬಾಯಲ್ಲಿಟ್ಟುಕೊಂಡಿದ್ದಾಗ ಕೆಳಗೆ ಓಣಿಯಿಂದ ಪಕ್ಕದ ಮನೆಯ ಗೌರವ್ವ ಕೂಗಿದಳು.

“ಏ ನಿಂಗವ್ವಾ, ಎಲ್ಲಿದ್ದೀಬೇ? ನಿಮ್ಮ ಮಾಳಪ್ಪ ಹಚ್ಚಿದ ಬೆಂಕಿ ಕೈ ಮೀರೇತಿ ನೋಡ! ಗುಡ್ಡಕ್ಕ ಗುಡ್ಡನ ಹತ್ತೇತಿ!”

ನಿಂಗವ್ವ ಅಂದರೆ ನನ್ನವ್ವ. ಮಾಳಪ್ಪ ನನ್ನ ಕಾಕಾ, ಅಪ್ಪನ ತಮ್ಮ, ಆಗಿನ್ನೂ ಮದುವೆಯಾಗದವನು. ನಾನು ಎದ್ದು ನಿಂತು ನೋಡಿದೆ. ಊರಿನ ಮೂಡಲಿಗಿರುವ ಗುಡ್ಡದ ಬೆನ್ನ ಮೇಲೆ ಹೊಗೆ ಕಂಬಳಿ ಹೊದ್ದಂತೆ ಕವುಚಿಕೊಂಡಿತ್ತು. ಅದರ ಬುಡದಲ್ಲಿ ಕೆಂಪು ಗೆರೆ ಮೇಲಕ್ಕೆ ಹರಿದು ಹೋಗುತ್ತಿತ್ತು. ಸುಟ್ಟ ಎಲೆಯ ಚೂರುಗಳು ಗಾಳಿಯಲ್ಲಿ ತೇಲಿ ಬಂದು ನಮ್ಮ ಸಂಡಿಗೆಯ ಮೇಲೆ ಬೀಳತೊಡಗಿದವು. ಅವ್ವ ನಿಚ್ಚಣಿಕೆ ಹತ್ತಿ ಬಂದವಳು ಸಂಡಿಗೆ ನೋಡಲಿಲ್ಲ, ಗುಡ್ಡವನ್ನೂ ನೋಡಲಿಲ್ಲ. ಹಳ್ಳದ ಕಡೆ ತಿರುಗಿ ಕಣ್ಣಿಗೆ ಕೈ ಅಡ್ಡ ಹಿಡಿದಳು. ಅಲ್ಲಿ ಅಪ್ಪ ಕುರಿಗಳಿಗೆ ನೀರು ಕುಡಿಸುತ್ತಿದ್ದ. ಹಿಂಡು ಪೂರಾ ಅಲ್ಲೇ ಇತ್ತು. ಅವ್ವ ಎರಡೂ ಕೈ ಎತ್ತಿ ಮುಗಿದಳು. ದೇವರು ಕೊಟ್ಟದ್ದನ್ನು ಎಣಿಸುವ ಚಟ ನನಗೆ ಅಂಟಿದ್ದು ಅವಳಿಂದಲೇ. ಗುಡ್ಡ ಉರಿಯುತ್ತಿರುವಾಗ ಮೊದಲು ಉಳಿದದ್ದನ್ನು ಎಣಿಸಬೇಕು ಅನ್ನುವುದು ಅವಳ ಲೆಕ್ಕ.

ನಮ್ಮ ಮನೆ ತಿಕೋಟಾದಿಂದ ಕನಮಡಿಗೆ ಹೋಗುವ ರಸ್ತೆಯಿಂದ ಒಳಗೆ ಸರಿದ ಒಂದು ಹಳ್ಳಿಯಲ್ಲಿತ್ತು. ಕಲ್ಲು ಗೋಡೆ, ಮಣ್ಣಿನ ಮಾಳಿಗೆ. ತಲಬಾಗಿಲು ದಾಟಿದರೆ ಮೊದಲು ಎಮ್ಮೆ, ಎತ್ತು, ಕುಂಟುವ ಮರಿಗಳು. ಅಲ್ಲಿಂದ ಎದೆಮಟ್ಟ ಎತ್ತರದ ಕಟ್ಟೆ ಹತ್ತಿದರೆ ನಾವು. ಪಡಸಾಲೆಯ ಒಂದು ಕಂಬಕ್ಕೆ ಬೆನ್ನು ಕೊಟ್ಟು ಕೂತಿರುತ್ತಿದ್ದವಳು ಆಯಿ, ಅಪ್ಪನ ತಾಯಿ. ಆ ಕಂಬದ ಬಣ್ಣ ಅವಳ ಬೆನ್ನು ತಾಗುವಷ್ಟು ಜಾಗದಲ್ಲಿ ನುಣುಪಾಗಿ ಬೇರೆಯೇ ಆಗಿತ್ತು. ಒಳಗಡೆ ಅಡುಗೆ ಮನೆ. ಬೆಳಕಿಂಡಿಯಿಂದ ಬಿಸಿಲು ಒಂದು ಕೋಲಿನಂತೆ ಇಳಿಯುತ್ತಿತ್ತು, ಅವ್ವ ಆ ಕೋಲು ಎಲ್ಲಿ ಬಿದ್ದಿದೆ ಎಂದು ನೋಡಿ ರೊಟ್ಟಿಗೆ ಹೆಂಚು ಇಡುತ್ತಿದ್ದಳು. ಅಡುಗೆ ಮನೆಯ ಮೂಲೆಯಲ್ಲಿ ಬೀರಪ್ಪ ದೇವರ ಜಗುಲಿ, ಅದರ ಮೇಲೆ ಮಡಚಿಟ್ಟ ಕರಿ ಕಂಬಳಿ, ಗೂಟಕ್ಕೆ ತೂಗು ಹಾಕಿದ ಭಂಡಾರದ ಚೀಲ. ಭಂಡಾರ ಅಂದರೆ ದೇವರ ಅರಿಶಿನ ಪುಡಿ. ಮುಂಗಾರಿಗೆ ಮುಂಚೆ, ದೀಪಾವಳಿಗೆ, ಕುರಿ ಈದಾಗ, ಹಿಂಡಿನ ಮೇಲೆ ಅದನ್ನು ತೂರುವ ಹಕ್ಕು ಆಯಿಯದು ಮಾತ್ರ. ಅಪ್ಪನಿಗೂ ಇರಲಿಲ್ಲ.

ಆಯಿಯ ರಾಜ್ಯದಲ್ಲಿ ಬೂದಿಗೂ ಒಂದು ಪದವಿ ಇತ್ತು. ಒಲೆಯ ಬೂದಿಯನ್ನು ಯಾರೂ ಹೊರಗೆ ಚೆಲ್ಲುವಂತಿಲ್ಲ. ಒಂದಿಷ್ಟು ಪಾತ್ರೆ ತಿಕ್ಕಲಿಕ್ಕೆ, ಒಂದಿಷ್ಟು ಬೀಜದ ಅಲಸಂದಿಗೆ ಹುಳ ಹತ್ತದ ಹಾಗೆ ಕಲಸಲಿಕ್ಕೆ, ಉಳಿದದ್ದು ಸಗಣಿ ಕಸದ ಜೊತೆ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ.

“ಹೊಲದಿಂದ ಬಂದದ್ದು ಹೊಲಕ್ಕ ಹೋಗಬೇಕು. ಬೂದಿ ಚೆಲ್ಲೋರ ಮನ್ಯಾಗ ಬರಕತ್ತ ಇರೂದಿಲ್ಲ” ಎನ್ನುತ್ತಿದ್ದಳು.

ಅವಳ ಮಾತು ಸುಳ್ಳಾದದ್ದನ್ನು ನಾನು ಆವರೆಗೆ ಕಂಡಿರಲಿಲ್ಲ. ಮಳೆ ಯಾವ ಕಡೆಯಿಂದ ಬರುತ್ತದೆ, ಯಾವ ಕುರಿ ಅವಳಿ ಹಾಕುತ್ತದೆ, ಯಾರ ಮನೆಯ ಹೆಣ್ಣು ನಮ್ಮ ಕಾಕಾನಿಗೆ ಒಗ್ಗುವುದಿಲ್ಲ, ಎಲ್ಲ ಅವಳಿಗೆ ಗೊತ್ತು. ಕಾಕಾ ಕನ್ನಡಿಯ ಮುಂದೆ ತುಸು ಹೆಚ್ಚು ಹೊತ್ತು ನಿಂತರೆ ಸಾಕು, ಕಂಬದ ಕಡೆಯಿಂದ ಮಾತು ಬಂದೇ ಬರುತ್ತಿತ್ತು.

“ಲೇ ಮಾಳ್ಯಾ, ಹೆಣ್ಣು ಕೊಡೋರು ಹಿಂಡು ನೋಡಿ ಕೊಡ್ತಾರ, ನಿನ್ನ ಮಾರಿ ನೋಡಿ ಅಲ್ಲ. ಹೋಗು, ಕುರಿ ಬಿಡು.”

ಗುಡ್ಡ ನಮ್ಮದಲ್ಲ, ಊರಿನ ಗಾಯರಾಣ, ಎಲ್ಲರ ದನ ಕುರಿ ಮೇಯುವ ನೆಲ. ಎತ್ತರ ಬಹಳವಿಲ್ಲ, ಮರವೂ ಇಲ್ಲ. ಕಲ್ಲು, ಕಲ್ಲಿನ ಸಂದಿಯಲ್ಲಿ ಕವಳಿ ಕಂಟಿ, ಬಾರಿ ಕಂಟಿಯ ಪೊದೆಗಳು, ಕುಳ್ಳ ಜಾಲಿ, ಲಕ್ಕಿ, ನಡುನಡುವೆ ಮೊಳಕಾಲುದ್ದದ ಕರಡ, ಅಂದರೆ ಒಣ ಹುಲ್ಲು. ವಿಜಯಪುರದಿಂದ ಬಂದವರು ಬಸ್ಸಿನ ಕಿಟಕಿಯಿಂದ ನೋಡಿ “ಏನೂ ಇಲ್ಲದ ಗುಡ್ಡ” ಎನ್ನುತ್ತಾರೆ. ನಮಗೆ ಅದು ಉಗ್ರಾಣ. ಬೇಸಗೆಯಲ್ಲಿ ಕವಳಿಕಾಯಿ ಉಪ್ಪಿನಕಾಯಿ, ಚಳಿಗಾಲದಲ್ಲಿ ಬಾರಿಹಣ್ಣು, ವರ್ಷವಿಡೀ ಒಲೆಗೆ ಪುರಲೆ, ಮತ್ತು ಹಿಂಡಿಗೆ ಹೊಟ್ಟೆ ತುಂಬ ಮೇವು. ಮುಂಗಾರಿಗೆ ಮುಂಚೆ ಹಳೆಯ ಕರಡಕ್ಕೆ ಬೆಂಕಿ ಕೊಡುವುದು ಕುರಿಯವರ ಪದ್ಧತಿ. ಹಳೆಯದು ಸುಟ್ಟರೆ ಮೊದಲ ಮಳೆಗೇ ಎಳೆಯ ಹುಲ್ಲು ಬರುತ್ತದೆ, ಹಾಲು ಹೆಚ್ಚುತ್ತದೆ, ಮರಿ ದಪ್ಪವಾಗುತ್ತವೆ. ಆದರೆ ಒಂದು ವರ್ಷ ಒಂದು ಮಗ್ಗುಲು, ಅದೂ ಗಾಳಿ ಏಳುವ ಮೊದಲು, ಸುತ್ತ ಹುಲ್ಲು ಕೊಯ್ದು, ಲಕ್ಕಿ ತಪ್ಪಲು ಹಿಡಿದು ಬಡಿಯುವವರು ನಿಂತ ಮೇಲೆ. ಆ ದಿನ ಎಲ್ಲವೂ ಹಾಗೆಯೇ ಆಗಿತ್ತು. ಗಾಳಿ ಮಾತ್ರ ನಡುವೆ ದಿಕ್ಕು ಬದಲಿಸಿತು. ಸಂಜೆ ಹೊತ್ತಿಗೆ ಬೆಂಕಿ ನೆತ್ತಿಯ ಬರಿ ಬಂಡೆ ತಲುಪಿ ತಾನೇ ಆರಿತು. ನೆತ್ತಿಯಲ್ಲಿ ಬೀರಪ್ಪನ ಕಲ್ಲು ಇದೆ. ಅದರ ಸುತ್ತಲಿನ ಕೆಲವು ಕಂಟಿ ಮಾತ್ರ ಅರ್ಧ ಸುಟ್ಟು ಉಳಿದವು. ಯಾರಿಗೂ ಏನೂ ಆಗಲಿಲ್ಲ. ಕಾಕಾನ ಹುಬ್ಬು ಸುಟ್ಟಿತ್ತು ಅಷ್ಟೇ. ಅದನ್ನೂ ಅವ್ವ ದೇವರ ದಯೆಯ ಲೆಕ್ಕಕ್ಕೇ ಹಾಕಿದಳು.

ಮರುದಿನ ಬೆಳಿಗ್ಗೆ ಆಯಿ ಕೋಲು ಹಿಡಿದು ಗುಡ್ಡ ಹತ್ತಿದಳು, ಹಿಂದೆ ಅವ್ವ, ಅವಳ ಸೆರಗು ಹಿಡಿದು ನಾನು. ಹುಲ್ಲಿದ್ದ ಕಡೆ ನೆಲ ಕರ್ರಗೆ, ಬೂದಿ ತೆಳ್ಳಗೆ. ಆದರೆ ಒಂದೊಂದು ಕಂಟಿಯ ಬುಡದಲ್ಲಿ ಬೂದಿ ಬೆಳ್ಳಗೆ ದಪ್ಪಗೆ ರಾಶಿ ಬಿದ್ದಿತ್ತು. ಎಷ್ಟೋ ವರ್ಷದ ಎಲೆ, ಮುಳ್ಳು, ನೆರಳಿಗೆ ಮಲಗಿದ ಕುರಿಯ ಹಿಕ್ಕೆ, ಹಕ್ಕಿಯ ಹೇಲು, ಎಲ್ಲ ಅಲ್ಲೇ ಕೂಡಿದ್ದು, ಅಲ್ಲೇ ಸುಟ್ಟಿತ್ತು. ಆಯಿ ಬಗ್ಗಿ ಒಂದು ಚಿಟಿಕೆ ತೆಗೆದುಕೊಂಡು ಎರಡು ಬೆರಳಲ್ಲಿ ತಿಕ್ಕಿದಳು.

“ನೋಡಿಲ್ಲಿ ನಿಂಗವ್ವಾ, ಹಿಟ್ಟಿನ್ಹಂಗ ಐತಿ. ಒಲೀ ಬೂದಿ ವರ್ಷಾನಗಟ್ಲೆ ಕೂಡಿಟ್ರೂ ಇಷ್ಟ ಆಗೂದಿಲ್ಲ. ದೇವರು ಬಡಿಸಿ ಇಟ್ಟಾನ. ಬುಟ್ಟಿ, ಕಸಬರಿಗಿ ತರ್ರಿ.”

“ಅತ್ತೀ, ಇದು ಗುಡ್ಡದ್ದಲ್ರೀ?”

“ಗುಡ್ಡದ್ದಾದ್ರ ಏನಾತು? ಗಾಳಿ ಬಿಟ್ರ ಹಾರಿ ಯಾರದೋ ಹೊಲ ಸೇರತೈತಿ. ನಾವು ಒಯ್ದ್ರ ನಮ್ಮ ಹೊಲ ಸೇರತೈತಿ.”

“ಹಂಗಲ್ರಿ. ಗುಡ್ಡ ಈಗ ಬತ್ತಲಿ ನಿಂತೈತಿ. ಮೈಮ್ಯಾಲ ಉಳದಿದ್ದ ಅರಿವಿ ಇದೊಂದ...”

“ನೀ ಭಾಳ ಶ್ಯಾಣ್ಯಾಕಿ ಆಗಬ್ಯಾಡ. ಬುಟ್ಟಿ ಹಿಡಿ.”

ಅವ್ವ ಬುಟ್ಟಿ ಹಿಡಿದಳು. ಆ ಮನೆಯಲ್ಲಿ ಸೊಸೆಯ ಮಾತು ಒಂದು ಸಲ ಕೇಳಿಸಬಹುದು, ಎರಡನೇ ಸಲ ಕೇಳಿಸಬಾರದು. ನಾವು ಕಂಟಿಯ ಬುಡಬುಡ ಹೋಗಿ ಬೂದಿ ಬಳಿದು ಬುಟ್ಟಿಗೆ ತುಂಬಿದೆವು. ನಮ್ಮನ್ನು ನೋಡಿ ಗೌರವ್ವನೂ ಬುಟ್ಟಿ ತಂದಳು, ಅವಳನ್ನು ನೋಡಿ ಇಡೀ ಓಣಿ ಬಂತು. ಅಲ್ಲೊಂದು ಹಬ್ಬವೇ ಆಯಿತು. ಮೂಗು, ಹುಬ್ಬು ಬೆಳ್ಳಗಾದ ಹೆಂಗಸರು ಒಬ್ಬರನ್ನೊಬ್ಬರು ನೋಡಿ ನಕ್ಕರು. “ಏ ಗೌರವ್ವಾ, ಮುದುಕಿ ಆಗೀದಿ ನೋಡ, ಗಂಡ ಗುರತಾ ಹಿಡಿಯಾಂಗಿಲ್ಲ!” ಎಂದು ಯಾರೋ ಅಂದರೆ ಗೌರವ್ವ, “ಹಿಡಿಯದಿದ್ರ ಛಲೋನ ಆತು, ಇವತ್ತ ರೊಟ್ಟಿ ಬಡಿಯೂದು ತಪ್ಪತೈತಿ” ಅಂದಳು. ಬೂದಿ ಬಾವಿ ದಂಡೆಯ ಮೆಣಸಿನ ಮಡಿಗೆ, ಬದನೆ ಮಡಿಗೆ, ಉಳಿದದ್ದು ಹೊಲಕ್ಕೆ ಹೋಯಿತು. ಬಳಿಯದೆ ಉಳಿದದ್ದು ಎರಡೇ ಕಡೆ: ಕಾಲಿಡಲಿಕ್ಕಾಗದ ಕಡಿದಾದ ಮಗ್ಗುಲು, ಮತ್ತು ಚಪ್ಪಲಿ ಹಾಕಿಕೊಂಡು ಯಾರೂ ಹೋಗದ ಬೀರಪ್ಪನ ಕಲ್ಲಿನ ಸುತ್ತ.

ಮೊದಲ ಹದ ಮಳೆ ಬಿತ್ತು. ಮಡಿಯಲ್ಲಿ ಮೆಣಸಿನ ಸಸಿ ಎದ್ದವು, ಎದ್ದ ಹಾಗೆಯೇ ಅಂಚು ಹಳದಿಯಾಗಿ ಮುದುಡಿ ಕೂತವು. ಬದನೆಯದೂ ಅದೇ ಗತಿ. ಅಪ್ಪ ಮಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಒಂದು ಸಸಿ ಕಿತ್ತು ನೋಡಿದ.

“ಎರಿಗೆ ಇಷ್ಟ ಬೂದಿ ಹಾಕಿದ್ರ ಆಗಿ ಬರೂದಿಲ್ಲ. ಬೇರ ಸುಟ್ಟಾವು” ಅಂದ, ಆಯಿಗೆ ಕೇಳಿಸದಷ್ಟು ಮೆತ್ತಗೆ.

ನಮ್ಮ ಕಡೆಯ ಕರಿ ನೆಲವನ್ನೇ ನಾವು ಎರಿ ಎನ್ನುವುದು. ಅದರಲ್ಲಿ ಮೊದಲೇ ಸುಣ್ಣ, ಉಪ್ಪಿನ ಅಂಶ ಜಾಸ್ತಿ. ಚಿಟಿಕೆ ಬೂದಿ ಅದಕ್ಕೆ ರುಚಿ, ಬುಟ್ಟಿ ಬೂದಿ ವಿಷ. ಅತ್ತ ಗುಡ್ಡದ ಮೇಲೂ ಒಂದು ಸೋಜಿಗ ನಡೆದಿತ್ತು. ಪುರಲೆ ಹುಡುಕಲು ಹೋದ ನಾನೇ ಕಣ್ಣಾರೆ ನೋಡಿದೆ. ಬಳಿಯದೆ ಬಿಟ್ಟ ಕಂಟಿಗಳ ಸುಟ್ಟ ಮೋಟಿನ ಸುತ್ತ ಹಸಿರು ಉಂಗುರ ಇಟ್ಟಂತೆ ಹುಲ್ಲು ಎದ್ದಿತ್ತು, ಗಿಳಿಯ ರೆಕ್ಕೆಯ ಬಣ್ಣದ್ದು. ಕಸಬರಿಗೆ ಆಡಿಸಿದ ಕಡೆ ಉಂಗುರವೂ ಇಲ್ಲ, ಹುಲ್ಲೂ ಇಲ್ಲ, ಕಸಬರಿಗೆಯ ಗೀರಿನ ಮೇಲೆ ಮಳೆ ನೀರಿನ ಗೀರು. ಕಾಕಾನಿಗೆ ಹಸಿರು ಮಾತ್ರ ಕಂಡಿತು. “ನೋಡ್ರಿ ವೈನಿ, ನಾ ಹಚ್ಚಿದ ಬೆಂಕಿ ಸುಳ್ಳಾಗಲಿಲ್ಲ” ಎಂದು ಅವ್ವನ ಮುಂದೆ ಎದೆಯುಬ್ಬಿಸಿ, ಹಿಂಡನ್ನು ಅದೇ ಎಳೆ ಹುಲ್ಲಿನ ಮೇಲೆ ಬಿಟ್ಟ. ಊರಿನ ಉಳಿದ ಕುರಿಗಳೂ ಬಂದವು. ಮೋಟಿನಿಂದ ಚಿಗುರಿದ ಕವಳಿಯ ಕೆಂಪು ಕುಡಿಯನ್ನೂ ಬಿಡದೆ ತಿಂದವು. ಆಮೇಲೆ ದೊಡ್ಡ ಮಳೆ ಬಂತು. ಹಿಡಿದು ನಿಲ್ಲಿಸುವ ಬೇರಿಲ್ಲ, ಎಲೆಯಿಲ್ಲ. ಗುಡ್ಡದ ಮೈ ಮೇಲಿನ ಮಣ್ಣೆಲ್ಲ ತೊಳೆದು ಹಳ್ಳಕ್ಕೆ ಇಳಿಯಿತು. ಹಳ್ಳದಲ್ಲಿ ಕರಿ ನೀರು ಹರಿಯುವುದನ್ನು ನಾವು ಮಕ್ಕಳು ದಂಡೆಯಲ್ಲಿ ನಿಂತು ನೋಡಿದೆವು.

ನನ್ನ ಮಗಳು ಈಗ ಇಲ್ಲೇ ವಿಜಯಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತಾಳೆ. ಒಂದು ದಿನ ನಾನು ಈ ಕತೆ ಹೇಳಿದಾಗ, ಎಲೆ ಕಸ ಉರಿದಾಗ ಸಾರಜನಕ ಹೊಗೆಯ ಜೊತೆ ಹೋಗಿಬಿಡುತ್ತದೆ, ಸುಣ್ಣ, ಪೊಟ್ಯಾಶು, ರಂಜಕ ಬಹುಪಾಲು ಬೂದಿಯಲ್ಲಿ ಉಳಿಯುತ್ತವೆ ಎಂದು ತಿಳಿಸಿ ಹೇಳಿದಳು. ಹುಲ್ಲು ಮೊದಲ ವರ್ಷ ಆ ಬೂದಿಯನ್ನು ಉಂಡು ಏಳುತ್ತದೆ. ಬೂದಿ ಹೋದರೆ ಮುಂದಿನ ವರ್ಷಕ್ಕೆ ಉಣ್ಣಲಿಕ್ಕೆ ಏನೂ ಇರುವುದಿಲ್ಲ. ಕಂಟಿ ಇರುವಲ್ಲಿ ಮಾತ್ರ ನೆಲ ಸತ್ವವಾಗಿರುವುದು, ಅದು ತನ್ನ ಎಲೆಯನ್ನು ತನ್ನ ಬುಡಕ್ಕೇ ಬಡಿಸಿಕೊಳ್ಳುವುದರಿಂದ. ಗ್ಯಾಸ್ ಒಲೆಯ ಮುಂದೆ ನಿಂತು ಕೇಳಿಸಿಕೊಂಡೆ. ಮಗಳು ಓದಿ ತಿಳಿದದ್ದನ್ನು ನಮ್ಮ ಮನೆ ಹಸಿದು ತಿಳಿಯಿತು. ಎರಡೂ ಒಂದೇ ಪಾಠ, ನಮ್ಮದಕ್ಕೆ ಹೊತ್ತು ಹೆಚ್ಚು ಹಿಡಿಯಿತು. ಗಾಂಧಿ ಚೌಕದಲ್ಲಿ ನಮ್ಮ ಯಜಮಾನರ ಕಂಬಳಿ ಅಂಗಡಿಗೆ ತವರಿನ ಕಡೆಯವರು ಯಾರು ಬಂದರೂ ನಾನು ಇವತ್ತಿಗೂ ಮಳೆ ಕೇಳುವ ಮೊದಲು ಗುಡ್ಡ ಕೇಳುತ್ತೇನೆ. ಈ ಬೇಸಗೆಯಲ್ಲೂ ಯಾರೋ ಕಬ್ಬಿನ ರವದಿಗೆ, ಅಂದರೆ ಒಣ ಸೋಗೆಗೆ, ಹಚ್ಚಿದ ಬೆಂಕಿ ಹಾರಿ ಗುಡ್ಡದ ಒಂದು ಮಗ್ಗುಲು ಸುಟ್ಟಿದೆಯಂತೆ. ಊರಲ್ಲಿರುವ ನನ್ನ ತಮ್ಮ ಫೋನಿನಲ್ಲಿ, “ಅಕ್ಕಾ, ಕಾಳಜಿ ಮಾಡಬ್ಯಾಡ, ಆ ಕಡೆ ಒಂದ ಕುರೀನೂ ಬಿಟ್ಟಿಲ್ಲ” ಅಂದ. ಅವನು ಹುಟ್ಟುವ ಮೊದಲು ನಡೆದದ್ದು ಅವನಿಗೂ ಗೊತ್ತು. ನಮ್ಮ ಮನೆಯಲ್ಲಿ ಅದನ್ನು ಯಾರೂ ಕೂರಿಸಿ ಹೇಳಿಕೊಡುವುದಿಲ್ಲ, ಹಾಗೇ ಗೊತ್ತಾಗುತ್ತದೆ.

ಆ ಬೆಂಕಿ ಬಿದ್ದ ಮುಂದಿನ ವರ್ಷದ ಬೇಸಗೆಗೆ ಗುಡ್ಡದಲ್ಲಿ ಕರಡವೇ ಇರಲಿಲ್ಲ. ಬೆಂಕಿ ಕೊಡಬೇಕೆಂದರೂ ಹತ್ತಲಿಕ್ಕೆ ಏನೂ ಇಲ್ಲ. ಕುರಿಗಳ ಬೆನ್ನೆಲುಬು ಎಣಿಸಬಹುದಿತ್ತು. ಈದ ಕುರಿಗಳಿಗೆ ಹಾಲಿಲ್ಲದೆ ಕೆಲವು ಮರಿ ಹೋದವು. ಸತ್ತ ಮರಿಯನ್ನು ಎತ್ತಿಕೊಂಡು ಕಾಕಾ ಹಿತ್ತಲಿಗೆ ಹೋಗುವಾಗ ಆಯಿ ಮುಖ ತಿರುಗಿಸಿ ಕೂರುತ್ತಿದ್ದಳು. ಕಂಬ ಬಿಟ್ಟು ದೇವರ ಜಗುಲಿಯ ಹತ್ತಿರ ಕೂರುವುದು ಅವಳಿಗೆ ಆಗಲೇ ರೂಢಿಯಾಗಿತ್ತು. ಒಂದು ಸೋಮವಾರ ಬೆಳಿಗ್ಗೆ ನಾನು ಅಲ್ಲೇ ಸಮೆ ಒರೆಸುತ್ತಿದ್ದೆ. ದೀಪದ ಕಂಬಕ್ಕೆ ನಾವು ಸಮೆ ಎನ್ನುತ್ತೇವೆ. ನಾನು ಇದ್ದದ್ದನ್ನು ಮರೆತಳೋ, ಇದ್ದರೂ ಪರವಾಗಿಲ್ಲ ಅಂದುಕೊಂಡಳೋ, ದೇವರ ಜೊತೆ ಮಾತಾಡಿದಳು.

“ತಂದೀ, ನಿನ್ನ ಗುಡ್ಡಾನ ನಾ ಬಳದ್ನೆಪಾ. ನಿನ್ನ ಮೈಮ್ಯಾಲಿಂದ ತಗದು ನನ್ನ ಬುಟ್ಟಿಗೆ ಹಾಕ್ಕೊಂಡ್ನಿ. ಆ ಮೂಕ ಜೀವಕ್ಕ ಯಾಕ ಶಿಕ್ಷಾ? ನನಗ ಕೊಡು.”

ಅಷ್ಟು ಹೇಳಿ ಹಣೆಗೆ ಭಂಡಾರ ಹಚ್ಚಿಕೊಂಡು, ನನ್ನ ಹಣೆಗೂ ಹಚ್ಚಿ, ಎದ್ದು ಹೋದಳು. ಆಯಿಯಂಥವಳೂ ತಪ್ಪುತ್ತಾಳೆ, ತಪ್ಪಿದ್ದನ್ನು ಮನುಷ್ಯರಿಗೆ ಹೇಳಲಾರಳು, ದೇವರಿಗೆ ಹೇಳುತ್ತಾಳೆ ಎಂದು ಆ ದಿನ ನನಗೆ ಗೊತ್ತಾಯಿತು. ಸಮೆ ಮತ್ತೊಮ್ಮೆ ಒರೆಸಿದೆ, ಅದು ಆಗಲೇ ಹೊಳೆಯುತ್ತಿದ್ದರೂ.

ಅದೇ ವಾರ ಅಪ್ಪ ಬಬಲೇಶ್ವರಕ್ಕೆ ಹೇಳಿ ಕಳಿಸಿದ. ಅಲ್ಲಿಂದ ಕುರಿ ಕೊಳ್ಳುವ ವ್ಯಾಪಾರಿ ಬಂದರು. ನಾವು ಮಕ್ಕಳೆಲ್ಲ ಅವರಿಗೆ ಚಾಚಾ ಅನ್ನುತ್ತಿದ್ದೆವು, ದೊಡ್ಡವರೂ ಹಾಗೇ ಅನ್ನುತ್ತಿದ್ದರು. ಚಾಚಾ ಒಂದೊಂದೇ ಕುರಿಯ ಬೆನ್ನ ಮೇಲೆ ಹಸ್ತ ಊರಿ ನೋಡಿದರು.

“ಏನ್ ಆಯೀ, ವರ್ಷೆಲ್ಲಾ ಇವಕ್ಕ ಬರೇ ಗಾಳಿ ಕುಡಿಸೀರೇನು?”

ಅಪ್ಪ ಹೇಳಿದ, “ಎಲ್ಲಾ ಒಯ್ಯಿ ಚಾಚಾ. ಹಿಂಡ ತಗದ ಬಿಡ್ತೀವಿ. ಹೊಲ ಒಂದ ಸಾಕು ನಮಗ.”

“ಅಣ್ಣಾ!” ಎಂದ ಕಾಕಾ. ಅವನ ಮುಖ ನೋಡಲಾಗಲಿಲ್ಲ. ಹಿಂಡು ಹೋದರೆ ಅವನಿಗೆ ಆ ಮನೆಯಲ್ಲಿ ಮಾಡಲಿಕ್ಕೆ ಕೆಲಸವೇ ಇರಲಿಲ್ಲ. ನೇಗಿಲು ಹಿಡಿದವನಲ್ಲ. ಕುರಿಯ ಹಿಂದೆ ಹುಟ್ಟಿ ಕುರಿಯ ಹಿಂದೆ ಬೆಳೆದವನು. ಆಯಿಗಂತೂ ಹಿಂಡು ಅಂದರೆ ದೇವರು ಅವಳ ಕೈಗೆ ಕೊಟ್ಟ ಒತ್ತೆ.

ಚಾಚಾ ಇಬ್ಬರ ಮುಖವನ್ನೂ ನೋಡಿ ಟೊಪ್ಪಿಗೆ ಸರಿ ಮಾಡಿಕೊಂಡರು. “ಇವನ್ನ ಈಗ ನಡಿಸಿಗೋತ ಹೋದ್ರ ಅರ್ಧಾ ಹಾದ್ಯಾಗ ಮಲಗ್ತಾವು. ಮಳಿಗಾಲ ಕಳೀಲಿ. ದೀಪಾವಳಿ ಆದಮ್ಯಾಲ ಬರ್ತೀನಿ. ಅಲ್ಲೀತನಕ ಅಣ್ಣತಮ್ಮ ಕೂತು ಒಂದ ಮಾತಾಗ್ರಿ. ಹೂಂ ಅಂದ್ರ ಹೂಂ, ಊಹೂಂ ಅಂದ್ರ ಊಹೂಂ.”

ಆ ಸಂಜೆಯ ಊಟ ನನಗೆ ಇನ್ನೂ ಕಣ್ಣ ಮುಂದಿದೆ. ಪಡಸಾಲೆಯಲ್ಲಿ ಆಯಿ, ಅಪ್ಪ, ಕಾಕಾ. ಅವ್ವ ಬಡಿಸುತ್ತಿದ್ದಳು, ನಾನು ನೀರು ಕೊಡುತ್ತಿದ್ದೆ. ರೊಟ್ಟಿ, ಹುರುಳಿ ಕಾಳಿನ ಪಲ್ಯ, ಹಸಿ ಹಕ್ಕರಿಕೆ ಸೊಪ್ಪು. ಯಾರೂ ಸೊಪ್ಪು ಮುಟ್ಟಲಿಲ್ಲ.

“ಒಂದ ಮಳಿ ನೋಡೂಣಲ್ಲ. ಹುಲ್ಲ ಎದ್ದ ಮ್ಯಾಲ ಮತ್ತ ಬೆಂಕಿ ಕೊಟ್ರ...” ಎಂದು ಕಾಕಾ ಶುರು ಮಾಡಿದ.

“ಸುಡಾಕ ಏನ ಉಳದೈತಿ ಅಲ್ಲಿ? ಕಲ್ಲ ಸುಡ್ತೀಯೇನು?” ಎಂದ ಅಪ್ಪ.

“ನಿನಗ ಮೊದಲಿಂದ್ಲೂ ಹಿಂಡ ಕಣ್ಣಾಗ ಚುಚ್ಚತೈತಿ.”

“ಚುಚ್ಚೂದ ಹಿಂಡಲ್ಲ, ಸತ್ತ ಮರಿ.”

ಆಗ ಅವ್ವ ಮಾತಾಡಿದಳು. ರೊಟ್ಟಿಯ ಬುಟ್ಟಿ ಕೈಯಲ್ಲೇ ಇತ್ತು.

“ಈ ಸಲ ಕುರಿ ಗುಡ್ಡದ ಮ್ಯಾಲ ಕೂಡ್ರಸಿದ್ರ?”

ಯಾರಿಗೂ ಅರ್ಥವಾಗಲಿಲ್ಲ. ಕುರಿ ಕೂಡ್ರಸೋದು ಅಂದರೆ ಹೊಲದಲ್ಲಿ. ಹಗಲೆಲ್ಲ ಗುಡ್ಡದಲ್ಲಿ ಮೇಯ್ದ ಹಿಂಡನ್ನು ರಾತ್ರಿ ರೈತರ ಹೊಲದಲ್ಲಿ ಬಲೆ ಕಟ್ಟಿ ನಿಲ್ಲಿಸುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ಹೊಲದ ತುಂಬ ಹಿಕ್ಕೆ, ಮೂತ್ರ. ಅಂಥ ಗೊಬ್ಬರ ಬೇರೆ ಇಲ್ಲ. ಹಿಂಗಾರಿ ಜೋಳಕ್ಕೆ ಬಿಟ್ಟ ಹೊಲದವರು ಮಳೆಗಾಲದಲ್ಲಿ ಕುರಿಯವರಿಗೆ ಕಾಯ್ದು ಕೂತು ಕರೆದುಕೊಂಡು ಹೋಗುತ್ತಾರೆ, ಬದಲಿಗೆ ಜೋಳ ಕೊಡುತ್ತಾರೆ. ನಮ್ಮ ಮನೆಯ ರೊಟ್ಟಿಯಲ್ಲಿ ದೊಡ್ಡ ಪಾಲು ಆ ಜೋಳದ್ದೇ. ಉಳಿದ ದಿನ ಹಿಂಡು ನಮ್ಮ ಹೊಲದಲ್ಲೇ ಕೂರುತ್ತಿತ್ತು. ಹೀಗೆ ಎಷ್ಟೋ ತಲೆಮಾರಿನಿಂದ ಗುಡ್ಡ ಹಗಲು ಉಣಿಸುತ್ತಿತ್ತು, ಹೊಲ ರಾತ್ರಿ ಉಣ್ಣುತ್ತಿತ್ತು. ಗುಡ್ಡಕ್ಕೆ ಏನು ತಿರುಗಿ ಹೋಗುತ್ತದೆ ಎಂದು ಯಾರೂ ಕೇಳಿರಲಿಲ್ಲ.

ಅಪ್ಪ ನಕ್ಕೇಬಿಟ್ಟ. “ಕಲ್ಲಿಗೆ ಗೊಬ್ಬರ ಹಾಕೋದು ಎಲ್ಲ್ಯರ ನೋಡೀಯೇನು? ನಮ್ಮ ಹೊಲಕ್ಕೇನ ಮಾಡೂಣು? ಜ್ವಾಳ ಯಾರ ಕೊಡ್ತಾರ?”

“ನನಗ ಗೊತ್ತಿಲ್ಲ” ಅಂದಳು ಅವ್ವ. “ಆಗತೈತಿ ಅಂತ ಹೇಳಾಕತ್ತಿಲ್ಲ. ಹೊಲದ್ದು ಹೊಲಕ್ಕ ಹೋಗಬೇಕು ಅಂತ ಅತ್ತಿ ದಿನಾ ಹೇಳ್ತಾರ. ಹಂಗಾದ್ರ ಗುಡ್ಡದ್ದು ಗುಡ್ಡಕ್ಕ ಹೋಗಬೇಕಲ್ರೀ? ಅಷ್ಟ ಕೇಳಿದ್ನಿ.”

ಆಯಿಯ ಕೈ ತಟ್ಟೆಯಲ್ಲಿ ನಿಂತಿತು. ನಾನು ತಂಬಿಗೆ ಹಿಡಿದುಕೊಂಡು, ಈಗ ಬೈಗಳು ಬರುತ್ತವೆ ಎಂದು ಕಾಯುತ್ತ ನಿಂತೆ. ಆಯಿ ಉಳಿದ ರೊಟ್ಟಿ ತಿಂದು ಮುಗಿಸಿ, ತಟ್ಟೆಯಲ್ಲೇ ಕೈ ತೊಳೆದು, ಎದ್ದು ಹೋದಳು. ಬೈಯದೆ ಹೋದದ್ದು ಬೈದದ್ದಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಅವ್ವ ಆ ದಿನ ಉಣ್ಣಲಿಲ್ಲ.

ಮೊದಲ ಮಳೆ ಬಿದ್ದ ಸಂಜೆ ಆಯಿ ಗೂಟದಿಂದ ತನ್ನ ಕಂಬಳಿ ತೆಗೆದು ಹೆಗಲಿಗೆ ಹಾಕಿಕೊಂಡಳು.

“ಮಾಳ್ಯಾ, ಬಲಿ ತಗೋ. ಇವತ್ತಿಂದ ಕುರಿ ಗುಡ್ಡದ ಮ್ಯಾಲ ಕೂಡ್ರಸು. ನಾನೂ ಬರ್ತೀನಿ.”

“ಯವ್ವಾ, ಈ ವಯಸ್ಸಿನ್ಯಾಗ ಗುಡ್ಡದ ಮ್ಯಾಲ ಮಲಗ್ತೀಯೇನು?” ಅಂದ ಅಪ್ಪ.

“ಬಳ್ಯಾಕ ಹೋಗಿದ್ನೆಲ್ಲ ಇದ ವಯಸ್ಸಿನ್ಯಾಗ” ಎಂದಳು ಆಯಿ. ತಪ್ಪೊಪ್ಪಿಗೆ ಅಂತ ಅವಳ ಬಾಯಿಂದ ಮನುಷ್ಯರಿಗೆ ಕೇಳಿಸಿದ್ದು ಅಷ್ಟೇ.

ಆ ಮಳೆಗಾಲ ನಮ್ಮ ಮನೆ ಎರಡಾಯಿತು, ಒಂದು ಕೆಳಗೆ, ಒಂದು ಗುಡ್ಡದ ಮೇಲೆ. ಅರಕೇರಿ ಕಡೆಯ ಒಬ್ಬ ಹಿರಿಯ ರೈತ ಪ್ರತಿ ವರ್ಷದ ಹಾಗೆ ಕುರಿ ಕರೆಯಲು ಬಂದವನು ಆಯಿಯ ಉತ್ತರ ಕೇಳಿ, “ಮುದುಕೀಗೆ ಅರಳು ಮರಳು” ಎಂದು ಅಪ್ಪನ ಎದುರೇ ಅಂದು ಹೋದ. ಜೋಳ ಬರಲಿಲ್ಲ. ಅವ್ವ ಎರಡು ಹೊತ್ತಿನ ರೊಟ್ಟಿಯನ್ನು ಒಂದು ಹೊತ್ತಿಗೆ ಇಳಿಸಿ, ಇನ್ನೊಂದು ಹೊತ್ತಿಗೆ ನುಚ್ಚು ಮಾಡಿದಳು. ನುಚ್ಚಿಗೆ ಮಜ್ಜಿಗೆ, ಮಜ್ಜಿಗೆ ಇಲ್ಲದ ದಿನ ಹುಣಸೆ ಸಾರು. ಬುಟ್ಟಿ ಹೊತ್ತು ಗುಡ್ಡಕ್ಕೆ ಊಟ ಒಯ್ಯುವುದು ನನ್ನ ಕೆಲಸವಾಯಿತು. ಹಿಂಡನ್ನು ಹಗಲು ರಸ್ತೆಯ ಬದಿ, ಹೊಲದ ಬದು, ಜಾಲಿಕಾಯಿ ಉದುರುವ ಹಳ್ಳದ ದಂಡೆ, ಎಲ್ಲೆಲ್ಲೋ ಮೇಯಿಸಿ ತಂದು ಸಂಜೆ ಗುಡ್ಡದ ಮೇಲೆ ಕೂರಿಸುವುದು. ಬಲೆ ದಿನ ಬಿಟ್ಟು ದಿನ ಸರಿಸುವುದು. ಕೂರಿಸಿದ ಜಾಗದಲ್ಲಿ ಮತ್ತೆ ಮೇಯಲು ಬಿಡಬಾರದು ಎಂದು ಆಯಿಯ ಕಟ್ಟಪ್ಪಣೆ. ಊರವರಿಗೂ ಕೈ ಮುಗಿದು ಹೇಳಿದಳು. ಕೆಲವರು ಕೇಳಿದರು, ಕೆಲವರು ನಕ್ಕರು. ಗೌರವ್ವ ಮಾತ್ರ ತನ್ನ ಆಡುಗಳನ್ನು ಕಟ್ಟಿ ಹಾಕಿದಳು. “ನಾನೂ ಬುಟ್ಟಿ ಹೊತ್ತಾಕೀನ ಅಲ್ಲೇನು” ಅಂದಳು.

ಅಪ್ಪ ಮೊದಮೊದಲು ಗುಡ್ಡದ ಕಡೆ ತಲೆ ಹಾಕಲಿಲ್ಲ. “ಈ ವರ್ಷ ಹೊಲ ಉಪಾಸ” ಎಂದು ಗೊಣಗುತ್ತಿದ್ದ. ಒಂದು ದಿನ ಜೋರು ಮಳೆಗೆ ಹಿಕ್ಕೆಯೆಲ್ಲ ಇಳಿಜಾರಿನಲ್ಲಿ ತೇಲಿ ಹೋಗುವುದನ್ನು ನೋಡಿದವನಿಗೆ ರೈತನ ಹೊಟ್ಟೆ ಉರಿಯಿತು. ಮರುದಿನ ಹೋಗಿ ಸುಟ್ಟ ಮೋಟು, ಕಲ್ಲು ಕೂಡಿಸಿ ಅಡ್ಡಡ್ಡ ಸಾಲು ಹಾಕಿದ. ಯಾರಿಗೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಆ ಸಾಲುಗಳ ಹಿಂದೆ ಮಣ್ಣು, ಹಿಕ್ಕೆ, ಎಲೆ ತಂಗಿತು. ಶ್ರಾವಣ ಕಳೆಯುವ ಹೊತ್ತಿಗೆ ಅಲ್ಲಿ ಮೊದಲು ಎದ್ದದ್ದು ಹುಲ್ಲಲ್ಲ, ಕೊಗ್ಗಿ ಗಿಡ. ನೇರಳೆ ಬಣ್ಣದ ಪುಟ್ಟ ಹೂವಿನದು, ಅದರ ಬೇರಿನಲ್ಲಿ ರಾಗಿ ಕಾಳಿನಂಥ ಗಂಟು ಇರುತ್ತವೆ, ಅದು ನೆಲಕ್ಕೆ ಸತ್ವ ಕೊಡುತ್ತದೆ ಎಂದು ರೈತರಿಗೆ ಗೊತ್ತು. ಅದರ ನಡುವೆ ಹುಲ್ಲು ಬಂತು, ಚುಕ್ಕೆ ಚುಕ್ಕೆಯಾಗಿ. ಸತ್ತಿದೆ ಅಂದುಕೊಂಡ ಕವಳಿಯ ಮೋಟಿನಿಂದ ಮತ್ತೆ ಕುಡಿ ಬಂತು. ಗುಡ್ಡವೆಲ್ಲ ಹಸಿರಾಯಿತು ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಬಹುಪಾಲು ಇನ್ನೂ ಕಲ್ಲೇ. ಆದರೆ ಊಟ ಒಯ್ದ ಒಂದು ಮಧ್ಯಾಹ್ನ ಅಪ್ಪ ಒಂದು ಸಾಲಿನ ಹಿಂದೆ ಕೂತು, ಹಿಡಿ ಮಣ್ಣು ಎತ್ತಿ, ಮೂಗಿನ ಹತ್ತಿರ ಹಿಡಿದಿದ್ದನ್ನು ಕಂಡೆ.

“ಏನಪ್ಪಾ?”

“ವಾಸನಿ ಬಂದೈತಿ” ಅಂದ. “ಹೋದ ವರ್ಷ ಇದ್ದಿದ್ದಿಲ್ಲ.”

ದೀಪಾವಳಿ ಬಂತು. ಹೊಲದಲ್ಲಿ ಜೋಳ ಬಡವಾಗಿ ಎದ್ದಿತ್ತು, ಅಪ್ಪ ಹೇಳಿದ ಹಾಗೆಯೇ. ಆಯಿ ಗುಡ್ಡದಿಂದ ಕೆಮ್ಮು ಹೊತ್ತು ತಂದಿದ್ದಳು, ಅದು ಅವಳನ್ನು ಕೊನೆಯವರೆಗೂ ಬಿಡಲಿಲ್ಲ. ಆದರೆ ಗಬ್ಬದ ಕುರಿಗಳು ಗುಂಡಗೆ ಕಾಣುತ್ತಿದ್ದವು. ಹಬ್ಬ ಮುಗಿದು ಬಾಗಿಲಿನ ಚೆಂಡುಹೂ ಬಾಡುವ ಮೊದಲೇ ಚಾಚಾ ಬಂದರು. ಹಿಂಡನ್ನು ಅಂಗಳಕ್ಕೆ ತಂದು ನಿಲ್ಲಿಸಿದರು. ಕಾಕಾ ಗೋಡೆಗೆ ಮುಖ ಮಾಡಿ ನಿಂತ. ಅವ್ವ ಅಡುಗೆ ಮನೆಯ ಬಾಗಿಲ ಸಂದಿಯಲ್ಲಿ ನಿಂತಳು, ಅವಳ ಕೈ ನನ್ನ ಹೆಗಲ ಮೇಲಿತ್ತು, ಬಿಗಿಯಾಗಿತ್ತು. ಚಾಚಾ ಮೊದಲಿನ ಹಾಗೆಯೇ ಬೆನ್ನಿಗೆ ಬೆನ್ನಿಗೆ ಹಸ್ತ ಊರುತ್ತ ಹೋದರು. ಆಮೇಲೆ ಅಪ್ಪನ ಕಡೆ ತಿರುಗಿದರು.

“ಹೇಳ್ರಿ. ಹೂಂ ಏನು, ಊಹೂಂ ಏನು?”

ಅಪ್ಪ ತಮ್ಮನ ಬೆನ್ನು ನೋಡಿದ, ಆಯಿಯ ಮುಖ ನೋಡಿದ. ಆಯಿ ಅವನಿಗೆ ಏನೂ ಹೇಳಿಕೊಡಲಿಲ್ಲ. ಬೇಕೆಂದೇ ಕಣ್ಣು ಮುಚ್ಚಿ ಕೂತಿದ್ದಳು.

“ಊಹೂಂ, ಚಾಚಾ” ಅಂದ ಅಪ್ಪ. “ಮುದಿ ಟಗರು ಒಯ್ಯಿ, ಅವಕ್ಕ ಮೇವ ಸಾಲೂದಿಲ್ಲ. ಹಿಂಡ ಇರಲಿ. ಗುಡ್ಡಕ್ಕ ಇನ್ನೂ ಬೇಕು ಅದು.”

ಕಾಕಾ ಗೋಡೆಯಿಂದ ತಿರುಗಲಿಲ್ಲ. ಭುಜ ಮಾತ್ರ ಅಲುಗಿದವು. ಚಾಚಾ, “ಅಲ್ಲಾ ಬರಕತ್ ಕೊಡಲಿ. ನನ್ನ ವ್ಯಾಪಾರ ಹಾಳ ಮಾಡಿದ್ರಿ, ಆದ್ರೂ ಕೊಡಲಿ” ಎಂದು ನಕ್ಕರು. ಆಯಿ ಕಣ್ಣು ತೆರೆದು ನನ್ನನ್ನು ಕರೆದು ಭಂಡಾರದ ಚೀಲ ತರಿಸಿದಳು. ಬಿಚ್ಚಿದಳು. ತಾನು ತೂರಲಿಲ್ಲ.

“ನಿಂಗವ್ವಾ, ಬಾ ಇಲ್ಲಿ. ನೀ ತೂರು.”

“ನಾನ್ರೀ ಅತ್ತೀ?”

“ಮತ್ತ ಯಾರು? ನನಗ ಕೆಮ್ಮು. ಕೈ ಎತ್ತಾಕ ಆಗವಲ್ದು.”

ಕೈ ಎತ್ತಲಿಕ್ಕೆ ಆಗುತ್ತಿತ್ತು. ಆ ಬೆಳಿಗ್ಗೆ ಅವಳೇ ನನ್ನ ತಲೆ ಬಾಚಿದ್ದಳು. ಅವ್ವ ಸೆರಗು ತಲೆಗೆ ಎಳೆದುಕೊಂಡು ಅಂಗಳಕ್ಕೆ ಇಳಿದಳು. ಹಿಡಿ ಭಂಡಾರ ತೆಗೆದು ಹಿಂಡಿನ ಮೇಲೆ ತೂರಿದಳು. ಕುರಿಗಳ ಬೆನ್ನ ಮೇಲೆ, ಚಾಚಾನ ಬಿಳಿ ಅಂಗಿಯ ಮೇಲೆ, ಅಪ್ಪನ ರುಮಾಲಿನ ಮೇಲೆ ಹಳದಿ ಬಿತ್ತು. ಚಾಚಾ ಅಂಗಿ ಕೊಡವಿಕೊಳ್ಳದೆ ಹಾಗೇ ನಿಂತರು. ಆಮೇಲೆ ಹೊರಡುವೆನೆಂದು ಚಪ್ಪಲಿ ಹುಡುಕಿದಾಗ ಆಯಿ ಗದರಿದಳು.

“ಎಲ್ಲಿ ಹೊಂಟಿ? ವ್ಯಾಪಾರ ಆಗಲಿಲ್ಲಂತ ಉಪಾಸ ಕಳಸ್ತೀವೇನು? ಕೂಡು. ನಿಂಗವ್ವಾ, ರೊಟ್ಟಿ ಬಡಿ. ಇವತ್ತ ಎಲ್ಲಾರೂ ಕೂಡೇ ಉಣ್ಣೂದು, ನೀನೂ.”

ಅವ್ವ ಒಳಗೆ ಬಂದು ಕೈ ತೊಳೆದು ಹೆಂಚು ಇಟ್ಟಳು. ಹಿಟ್ಟಿನ ಡಬ್ಬಿ ತಳ ಕಾಣುತ್ತಿತ್ತು, ಆದರೂ ಆ ದಿನದ ಮಟ್ಟಿಗೆ ಸಾಕಾಗುವಷ್ಟು ಇತ್ತು. “ಮಾದೇವೀ, ನಿಂತ ಏನ ನೋಡ್ತಿ, ಜರಡಿ ತಗೋ” ಅಂದಳು, ನನ್ನ ಕಡೆ ತಿರುಗದೆ. ನಾನು ಗೋಡೆಯ ಗೂಟದಿಂದ ಜರಡಿ ತೆಗೆದು, ಮೊರ ಕೆಳಗಿಟ್ಟುಕೊಂಡು, ಕಾಲು ಮಡಚಿ ಹಿಟ್ಟು ಸಾಣಿಸಲು ಕೂತೆ.